ಎಂಟು ಸುತ್ತಿನ ತಾಮ್ರ

ಲೇಡೀಸ್ ಹಾಸ್ಟೆಲ್, ಬೆಳಗಾವಿ
11 ಫೆಬ್ರುವರಿ 2001, ರವಿವಾರ

ಬಾಳೇಶಣ್ಣ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸು. ದೀಪಾವಳಿಯ ದಿನ "ಇನ್ನ ಮುಂದ ನನಗ ಕಾಗದ ಹಾಕಬ್ಯಾಡ" ಅಂತ ನೀನೇ ಹೇಳಿದ್ದೆ. ಆದರೆ ನಿನ್ನ ರಿಪೇರಿ ಅಂಗಡಿಯ ಬಾಜು ಇರುವ ಮೆಡಿಕಲ್ ಅಂಗಡಿಗೆ ಫೋನ್ ಮಾಡಿದರೆ ನೀನು ಬರುವುದಿಲ್ಲ. ಬುಧವಾರ ಕಾಲೇಜಿನ ಸ್ಟಾಪಿನಲ್ಲಿ ನಿಂತಿದ್ದೆ. ಖಾನಾಪುರದ ಬಸ್ಸಿನ ಕಿಟಕಿಯಲ್ಲಿ ನೀನು ಕಂಡೆ, ನಾನು ಕೈ ಎತ್ತಿದೆ. ನೀನು ಬುತ್ತಿಯ ಚೀಲ ಬಿಚ್ಚಿ ಒಳಗೆ ಏನೋ ಹುಡುಕತೊಡಗಿದೆ. ಬಸ್ಸು ಹೊರಡುವ ತನಕ ಹುಡುಕಿದೆ. ಅದಕ್ಕೇ ಈ ಪತ್ರ.

ವಿಷಯ ನನ್ನದಲ್ಲ, ನಿನ್ನದು. ನಮ್ಮ ಎಲೆಕ್ಟ್ರಾನಿಕ್ಸ್ ವಿಭಾಗದ ಗುರುಪುತ್ರಪ್ಪ ಸರ್ ಕಾಲೇಜಿನ ಹ್ಯಾಮ್ ಕ್ಲಬ್, ಅಂದರೆ ನಿನ್ನಂಥ ಹವ್ಯಾಸಿ ರೇಡಿಯೊದವರ ಕ್ಲಬ್ ನಡೆಸುತ್ತಾರೆ. ಗುಜರಾತದ ಭೂಕಂಪದ ವಾರವಿಡೀ ಅವರು ರೇಡಿಯೊ ಮುಂದೆ ಕೂತಿದ್ದರು. ಕ್ಲಾಸಿಗೆ ಬಂದು, "ಖಾನಾಪುರದಾಗ ಯಾವನೋ ಒಬ್ಬ ಅದಾನ. ಮೂರು ದಿನ ಭುಜ್‌ನಿಂದ ಬಂದ ಬದುಕಿ ಉಳದವರ ಹೆಸರು ಬರಕೊಂಡು ಮುಂದ ದಾಟಿಸಿದ, ಒಂದು ಅಕ್ಷರ ತಪ್ಪಲಿಲ್ಲ. ಯಾರಂವ, ಖಾನಾಪುರದವ್ರು ಯಾರರ ಅದೀರೇನು?" ಅಂತ ಕೇಳಿದರು. ನಾನು ಆವತ್ತು ಸುಮ್ಮನಿದ್ದೆ. ಮರುದಿನವೂ ಸುಮ್ಮನಿದ್ದೆ. ಮೂರನೆಯ ದಿನ ಸ್ಟಾಫ್ ರೂಮಿಗೆ ಹೋಗಿ, ಅವನು ನನ್ನ ಅಣ್ಣ ಅಂದೆ. ಎರಡು ದಿನ ಯಾಕೆ ಸುಮ್ಮನಿದ್ದೆ ಅಂತ ಕೇಳಬೇಡ.

ಲ್ಯಾಬ್ ನೋಡಿಕೊಳ್ಳುವ ಕಲ್ಲಯ್ಯ ಏಪ್ರಿಲ್ ಕೊನೆಗೆ ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ಸರ್ ನಿನ್ನ ಹೆಸರು ಕಳಿಸಲು ತಯಾರಿದ್ದಾರೆ. ನಿನ್ನ ಹತ್ತಿರ ಡಿಪ್ಲೊಮಾ ಇಲ್ಲ, ಹತ್ತನೆಯ ಕ್ಲಾಸೂ ಇಲ್ಲ. "ಹಂಗಾದ್ರ ಪ್ರಿನ್ಸಿಪಾಲರಿಗೆ ಏನರ ತೋರಸಬೇಕು" ಅಂದರು. ಕ್ಲಬ್ಬಿಗೆ ಉಪಗ್ರಹದ ಸಿಗ್ನಲ್ ಹಿಡಿಯುವ ಹೆಲಿಕಲ್ ಆಂಟೆನಾ, ಅಂದರೆ ತಾಮ್ರದ ಸುರುಳಿಯ ಆಂಟೆನಾ ಬೇಕಾಗಿದೆ. ಒಂದನ್ನು ಇಲ್ಲಿ ನಾನು ಕಟ್ಟಬೇಕು, ಒಂದನ್ನು ಅಲ್ಲಿ ನೀನು. ಎರಡೂ ಸೇರಿ ಬೆಳಗಾವಿಗೂ ಖಾನಾಪುರಕ್ಕೂ ಮಾತು ಕೂಡಿಸಿದರೆ ನಿನ್ನ ಹೆಸರು ಹೋಗುತ್ತದೆ. ದಿನಾ ಬಸ್ಸಿನಲ್ಲಿ ಇಲ್ಲಿಗೆ ಬಂದು ದುಡಿಯುವ ಫೌಂಡ್ರಿ ಬಿಡಬಹುದು ಅಣ್ಣ. ಆ ಮರಳಿನ ಧೂಳು, ಆ ಕೆಮ್ಮು. ಯೋಚಿಸು, ಪ್ಲೀಸ್.

ಮಾಯಾ

*

ಖಾನಾಪುರ
17-2-2001

ಮಾಯಾ ಮೇಡಮ್ ಅವರಿಗೆ,

ನಾ ಮಾತಾಡಿದ್ಹಂಗ ಬರಿತೀನಿ. ನಿನ್ನ ಹಾಸ್ಟೆಲ್ ಕನ್ನಡ ನನಗ ಬರೂದಿಲ್ಲ.

ಕಾಗದದಾಗ "ದೀಪಾವಳಿಯ ದಿನ" ಅಂತ ಬರದು ಮುಂದಿನ ಸಾಲಿಗೆ ಜಿಗಿದಿ. ಆ ದಿನ ಏನಾತು ಬರಿಯಾಕ ಕೈ ಬರಲಿಲ್ಲೇನು? ಹಂಗಾದ್ರ ನಾ ಬರಿತೀನಿ. ನಿನ್ನ ಗೆಳತಿ ನಿಖಿತಾನ ಟೇಪ್‌ರೆಕಾರ್ಡರ್ ಕೆಟ್ಟಿತ್ತು. ಸೂಟಿಯೊಳಗ ನಾ ಕೂಡೂ ರಿಪೇರಿ ಅಂಗಡಿಗೆ ಕರಕೊಂಡು ಬಂದಿ. ಇಂವ ಯಾರು ಅಂತ ಅಕಿ ಕೇಳಿದ್ದಕ್ಕ ನೀ ಅಂದದ್ದು, "ಹೀ ಈಸ್ ಅವರ್ ಲೋಕಲ್ ಮೆಕ್ಯಾನಿಕ್." ನನಗ ಇಂಗ್ಲಿಷ್ ತಿಳಿಯೂದಿಲ್ಲ ಅಂದುಕೊಂಡ್ಯಾ? ಲೈಸೆನ್ಸಿನ ಪರೀಕ್ಷಾ ನಾ ಯಾವ ಭಾಷಾದಾಗ ಬರದೀನಿ? ಮೂರು ದಿನ ಭುಜ್‌ನ ಹೆಸರು ಯಾವ ಭಾಷಾದಾಗ ದಾಟಿಸೀನಿ? ಅದಕ್ಕ ನಾನೂ "ತಗೋರಿ ಮೇಡಮ್, ರಿಪೇರಿ ಆತ್ರಿ" ಅಂದೆ. ನೀ ತಲಿ ತಗ್ಗಿಸಿ ತಗೊಂಡು ಹೋದಿ.

ಈಗ ನಿಮ್ಮ ಲ್ಯಾಬಿಗೆ ನಾ ಬರಬೇಕು. ನಿನ್ನ ಗೆಳತ್ಯಾರು "ವೈರ್ ಕೊಡ್ರಿ, ಫ್ಯೂಸ್ ಹಾಕ್ರಿ" ಅಂತಾರ. ಆವಾಗ ನಾ ನಿನಗ ಏನಾಗಬೇಕು ಅಂತ ಹೇಳ್ತಿ? ಮದಲ ಅದನ್ನ ಬರಿ.

ಅವ್ವ ಆರಾಮ ಅದಾಳ. ನಿನ್ನ ಕಾಗದದಾಗ ಅಕಿ ಹೆಸರು ಒಂದು ಸಲ ಸೈತ ಇರಲಿಲ್ಲ. ಕೇಳಿದ್ಲು. ಐತಿ ಅಂತ ಸುಳ್ಳು ಹೇಳಿ ಓದಿದೆ.

ಟಿವಿ ಆಂಟೆನಾದ್ಹಂಗ ಅಡ್ಡ ಕಡ್ಡಿ ಇರೂ ಯಾಗಿ ಆಂಟೆನಾ ಕಟ್ಟಿದ್ರ ಒಂದು ತಾಸಿನ ಕೆಲಸ. ಹೆಲಿಕಲ್ ಯಾಕ ಬೇಕು ಅದನ್ನೂ ಬರಿ.

ಬಾಳೇಶ

*

ಹಾಸ್ಟೆಲ್
22 ಫೆಬ್ರುವರಿ

ಅಣ್ಣ,

ನೀನು ಬರೆದದ್ದೆಲ್ಲ ಖರೆ. ಸಾರಿ. ಆದರೆ ನೂರು ಸಲ ಸಾರಿ ಅಂದರೂ ನೀನು ಕೇಳುವವನಲ್ಲ, ಆದ್ದರಿಂದ ಒಂದೇ ಸಲ ಅನ್ನುತ್ತೇನೆ. ನೀನೂ ಒಂದು ವಿಷಯ ಕೇಳು. ಐದನೆಯ ಕ್ಲಾಸಿನಿಂದ ನಾನು ಹಾಸ್ಟೆಲಿನಲ್ಲಿ ಬೆಳೆದೆ. ಪ್ರತಿ ತಿಂಗಳ ಎರಡನೆಯ ರವಿವಾರ ಎಲ್ಲರ ಮನೆಯವರು ಬರುತ್ತಿದ್ದರು. ನೀನು ಎಷ್ಟು ಸಲ ಬಂದೆ? ಹೊಲಿಗೆ ಬಿಚ್ಚಿದ ಚೀಲ ಕೊಟ್ಟು ಗೇಟಿನಿಂದಲೇ ತಿರುಗಿ ಹೋಗುತ್ತಿದ್ದೆ. ಯಾರು ನಿನ್ನಣ್ಣ ಅಂತ ಯಾರೂ ಕೇಳುವ ಪ್ರಸಂಗವೇ ಬರಲಿಲ್ಲ. ನನಗೆ ಹೇಳುವ ರೂಢಿ ಎಲ್ಲಿಂದ ಬರಬೇಕು?

ಈಗ ಆಂಟೆನಾ. ಯಾಗಿ ಬೇಡ. ಉಪಗ್ರಹ ತಿರುಗುತ್ತ ಹೋಗುತ್ತದೆ, ಅದರ ಅಲೆ ಒಮ್ಮೆ ನಿಂತಿರುತ್ತದೆ, ಒಮ್ಮೆ ಮಲಗಿರುತ್ತದೆ. ಯಾಗಿಯನ್ನು ಅದಕ್ಕೆ ತಕ್ಕಂತೆ ಹೊರಳಿಸುತ್ತಲೇ ಇರಬೇಕು. ಹೆಲಿಕಲ್ ಆಂಟೆನಾದ ಅಲೆ ತಾನೇ ಸುತ್ತುತ್ತ ಹೋಗುವುದರಿಂದ ಆ ಕಷ್ಟ ಇಲ್ಲ. ಎರಡನೆಯ ಕಾರಣ, ಅಳತೆ ಒಂದು ಬೆರಳು ಹೆಚ್ಚುಕಡಿಮೆಯಾದರೂ ನಡೆಯುತ್ತದೆ ಅಂತ ಪುಸ್ತಕದಲ್ಲಿದೆ. ಫೌಂಡ್ರಿಯಿಂದ ದಣಿದು ಬಂದು ಕಟ್ಟುವವನಿಗೆ ಅದು ಅನುಕೂಲ.

ನಮ್ಮದು 435 ಮೆಗಾಹರ್ಟ್ಸ್, ಅಲೆಯ ಉದ್ದ 69 ಸೆಂಟಿಮೀಟರ್. ಒಂದು ಸುತ್ತಿನ ಸುತ್ತಳತೆ ಅಷ್ಟೇ ಇರಬೇಕು, ಅಂದರೆ ಅಡ್ಡಗಲ 22. ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ 17 ಬಿಡು. ಎಂಟು ಸುತ್ತು. ಹಿಂದೆ 60 ಸೆಂಟಿಮೀಟರ್ ಚೌಕದ ಅಲ್ಯುಮಿನಿಯಂ ತಗಡು. ಹ್ಯಾಂಡ್‌ಸೆಟ್ಟಿನ ತಲೆಯ ಮೇಲೆ ಇರುವ ರಬ್ಬರಿನ ಮೊಂಡು ಆಂಟೆನಾದ ಒಳಗೂ ಇಂಥದೇ ಸುರುಳಿ ಇರುತ್ತದೆ, ಆದರೆ ಅದು ಸಣ್ಣದು, ಸುತ್ತಲೂ ಚೆಲ್ಲುತ್ತದೆ. ಇದು ಬ್ಯಾಟರಿ ಬೆಳಕಿನ ಹಾಗೆ ಮುಂದಕ್ಕೆ ಮಾತ್ರ ಹೋಗುತ್ತದೆ, ಬೆಳಗಾವಿಯ ಕಡೆಗೆ ಸರಿಯಾಗಿ ತಿರುಗಿಸು. ಬರಿಯ ಸುರುಳಿ ನಮ್ಮ ಐವತ್ತು ಓಮ್‌ನ ಕೇಬಲ್ಲಿಗೆ ಹೊಂದುವುದಿಲ್ಲ. ಬುಡದ ಕಾಲು ಸುತ್ತಿಗೆ ಅಗಲವಾದ ತಾಮ್ರದ ಪಟ್ಟಿ ಬೆಸೆದು ತಗಡಿಗೆ ಸಮೀಪ ಬಗ್ಗಿಸಬೇಕು.

ಯಾವ ದಿಕ್ಕಿಗೆ ಸುತ್ತಬೇಕು ಅನ್ನುವ ಚಿತ್ರ ಝೆರಾಕ್ಸಿನಲ್ಲಿ ಕಪ್ಪಾಗಿ ಬಂದಿದೆ. ಅದಕ್ಕೆ ಇಂಗ್ಲಿಷೂ ಬೇಡ, ಚಿತ್ರವೂ ಬೇಡ. ಮನೆಯಲ್ಲಿ ಅವ್ವ ಹೊಸೆದ ಹಗ್ಗ ಇದೆಯಲ್ಲ, ಅದರ ಹುರಿ ಹೇಗಿದೆಯೋ ಹಾಗೆ ಸುತ್ತು. ಸಣ್ಣ ಹುಡುಗರೂ ಸುತ್ತಬಹುದು.

ಸರ್ ಕೊಟ್ಟ ರೇಡಿಯೊ ಸೆಟ್ಟನ್ನು ಖಾನಾಪುರ ಬಸ್ಸಿನ ಕಂಡಕ್ಟರ್ ಬಂಡೆಪ್ಪ ಅವರ ಕೈಯಲ್ಲಿ ಕಳಿಸಿದ್ದೇನೆ. ಅವ್ವನಿಗೆ ನಮಸ್ಕಾರ. ಈ ಸಲ ಸುಳ್ಳು ಹೇಳಬೇಕಾಗಿಲ್ಲ.

ಮಾಯಾ

*

ಖಾನಾಪುರ
5-3-2001
(ಕಾರ್ಡ್)

ಮೇಡಮ್,

ಆಂಟೆನಾ ತಯಾರಾಗೇತಿ. ರವಿವಾರ ಪೇಟಿಯೊಳಗ ತಾಮ್ರದ ನಳಗಿ ತಗೊಂಡೆ. ಸಣ್ಣ ಹುಡುಗರು ಸಿಗಲಿಲ್ಲ. ನಾ ಪೈಪ್ ಹಿಡಕೊಂಡು ಕುಂತೆ, ನೀ ಹೇಳಿದ್ಹಂಗ ಹಗ್ಗದ ಹುರಿ ನೋಡಿ ಅವ್ವನೇ ಸುತ್ತಿದ್ಲು. ಎಂಟನೇ ಸುತ್ತು ಮುಗಿದ ಮ್ಯಾಲ "ಇದನ್ನ ಯಾವ ಎತ್ತಿಗೆ ಕಟ್ಟಾವಪಾ?" ಅಂತ ಕೇಳಿದ್ಲು.

ತಾಮ್ರದ ಪಟ್ಟಿ ವಿಷಯ ನನಗ ನೀ ಕಲಸಬ್ಯಾಡ. ನೀ ಹಾಸ್ಟೆಲಿನ್ಯಾಗ ಎಬಿಸಿಡಿ ತಿದ್ದುವಾಗ ನಾ ಬೆಸಿಗಿ ಹಾಕತಿದ್ದೆ.

ರವಿವಾರ 11 ತಾರೀಕು, ಸಂಜಿ ನಾಕಕ್ಕ ಸೆಟ್ ಹಚ್ಚಿ ಕೂಡ್ತೀನಿ. ನಿನ್ನ ಸಲುವಾಗಿ ಅಲ್ಲ. ಫೌಂಡ್ರಿಯ ಡಾಕ್ಟರ್ ಎದಿ ಎಕ್ಸ್‌ರೇ ಫೋಟೋ ತಗಸು ಅಂದಾನ, ಬ್ಯಾರೆ ಕೆಲಸ ಬೇಕಾದೀತು, ಅದಕ್ಕ.

ಬಾಳೇಶ

*

ಹಾಸ್ಟೆಲ್
12 ಮಾರ್ಚ್, ಸೋಮವಾರ

ಅಣ್ಣ,

ಎದೆಯ ಫೋಟೋದ ವಿಷಯವನ್ನು ಕಾರ್ಡಿನ ಕೊನೆಯ ಸಾಲಿನಲ್ಲಿ ಯಾರಾದರೂ ಬರೆಯುತ್ತಾರಾ? ಫೋಟೋ ತೆಗೆಸಿದೆಯಾ? ಏನು ಬಂತು?

ನಿನ್ನೆ ನಾಲ್ಕರಿಂದ ಐದೂವರೆಯ ತನಕ ಕಾಲೇಜಿನ ಟೆರೇಸಿನ ಮೇಲೆ ಕೂತಿದ್ದೆವು. ಸರ್ ಹದಿನೈದು ಸಲ ಕರೆದರು. ಏನೂ ಇಲ್ಲ. ಒಂದು ಚೂರು ಗರಗರ ಕೂಡ ಬದಲಾಗಲಿಲ್ಲ. ನಾನು ನನ್ನ ಬೆಸುಗೆ ನೋಡಿದೆ, ಕೇಬಲ್ ನೋಡಿದೆ, ತಗಡು ನೋಡಿದೆ, ದಿಕ್ಸೂಚಿ ಇಟ್ಟು ಖಾನಾಪುರದ ದಿಕ್ಕು ನೋಡಿದೆ. ಎಲ್ಲ ಪುಸ್ತಕದಲ್ಲಿ ಇದ್ದ ಹಾಗೇ ಇದೆ. ನನ್ನ ಕಡೆ ತಪ್ಪಿಲ್ಲ. ಕಲ್ಲಯ್ಯ ಅಂದರು: "ರಿಪೇರಿ ಮಾಡಾಂವ ಬ್ಯಾರೆ, ಹೊಸಾದು ಕಟ್ಟಾಂವ ಬ್ಯಾರೆರೀ." ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ನೀನು ನಿಜವಾಗಿ ಕೂತಿದ್ದೆಯಾ? ಅಥವಾ ನನಗೆ ಬುದ್ಧಿ ಕಲಿಸಲು ಸೆಟ್ಟು ಆರಿಸಿ ಇಟ್ಟಿದ್ದೆಯಾ? ನಿನ್ನ ಸಿಟ್ಟು ನನಗೆ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ಏಪ್ರಿಲ್ ಹನ್ನೆರಡಕ್ಕೆ ಹೆಸರು ಕಳಿಸುವ ಕೊನೆಯ ದಿನ.

ಮಾಯಾ

*

ಖಾನಾಪುರ
16-3-2001

ಮೇಡಮ್ ಅವರಿಗೆ,

ಕುಂತಿದ್ದೆ. ಮೂರಕ್ಕ ಮಾಳಿಗಿ ಹತ್ತಿದಾಂವ ಆರಕ್ಕ ಇಳದೀನಿ. ನಿಮ್ಮ ಸರ್ ಹದಿನೈದು ಸಲ ಕರದ್ರ ನಾ ಇಪ್ಪತ್ತು ಸಲ ಕರದೀನಿ. ಸೆಟ್ ಆರಿಸಿ ಇಟ್ಟಿದ್ದೆ ಅಂತೀಯಲ್ಲ, ನಾಚಿಗಿ ಬರೂದಿಲ್ಲೇನು? ಭುಜ್‌ನ ಮಂದಿ ಯಾರು, ಎತ್ತ, ನನಗ ಗೊತ್ತಿಲ್ಲ. ಅವರ ಸಲುವಾಗಿ ಮೂರು ದಿನ ನಿದ್ದಿಗೆಟ್ಟಾಂವ ನಾ, ನಿನ್ನ ಸಲುವಾಗಿ ಸೆಟ್ ಆರಸ್ತೀನೇನು?

ಐದೂವರಿಗೆ ಏನು ಮಾಡಿದೆ ಕೇಳು. ಹೆಲಿಕಲ್ ಬಿಚ್ಚಿ ಬಾಜೂಕ ಇಟ್ಟೆ. ಅಲ್ಲೇ ಬಿದ್ದ ವೈರಿಂದು ಮೊಳದಷ್ಟು ತುಂಡು ಎರಡು ಮಾಡಿ ಸೆಟ್ಟಿಗೆ ಸಿಗಿಸಿದೆ. ನಿಮ್ಮ ಸರ್ ಧ್ವನಿ ಬಂತು, ಸಣ್ಣಗ, ಆದ್ರ ಬಂತು. "ಇವತ್ತ ಸಾಕು, ಇಳಸ್ರಿ" ಅಂತ ಅಂದದ್ದು ಕೇಳೇನಿ. ಹೌದೋ ಇಲ್ಲೋ ಅವರನ್ನ ಕೇಳು. ನಾ ಉತ್ತರಾ ಕೊಡೂದ್ರಾಗ ಅವರು ಸೆಟ್ ಆರಿಸಿದ್ರು.

ತುಂಡು ವೈರಿಗೆ ಕೇಳಸ್ತೈತಿ, ಎಂಟು ಸುತ್ತಿನ ತಾಮ್ರಕ್ಕ ಕೇಳಸೂದಿಲ್ಲ. ಅದು ಯಾಕ ಅಂತ ನನಗ ಗೊತ್ತಾಗೇತಿ. ನಿನಗ ಹೇಳೂದಿಲ್ಲ. "ನನ್ನ ಕಡೆ ತಪ್ಪಿಲ್ಲ" ಅಂತ ಬರದಿ. ಪುಸ್ತಕದಾಗ ಹುಡುಕು.

ಎದಿ ಫೋಟೋ ನಿನ್ನ ಪುಸ್ತಕದಾಗಿನ ವಿಷಯ ಅಲ್ಲ.

ಬಾಳೇಶ

*

ಹಾಸ್ಟೆಲ್
20 ಮಾರ್ಚ್

ಅಣ್ಣ,

ನಿನ್ನ ಕಾಗದವನ್ನು ಸರ್‌ಗೆ ತೋರಿಸಿದೆ. ಬೈಗುಳ ಇರುವ ಕಡೆ ಹೆಬ್ಬೆರಳು ಮುಚ್ಚಿ ತೋರಿಸಿದೆ. ಅವರು ಟೆರೇಸಿಗೆ ಹೋಗಿ ನನ್ನ ಆಂಟೆನಾದ ಹಿಂದೆ ನಿಂತು, ತಾಮ್ರದ ಜೊತೆ ಬೆರಳನ್ನು ಗಾಳಿಯಲ್ಲಿ ತಿರುಗಿಸಿ ಕೇಳಿದರು:

"ಇದು ಬಲಮುರಿ. ಬೋಲ್ಟಿನ ಥ್ರೆಡ್ ಇದ್ಹಂಗ. ಅವಂದು?"

"ಅದೂ ಇದೇ ಸರ್. ಹಗ್ಗದ ಹುರಿಯ ಹಾಗೆ ಸುತ್ತು ಅಂತ ಬರೆದಿದ್ದೆ."

"ಯಾರ ಹೊಸದ ಹಗ್ಗ?"

"ಅವ್ವ ಹೊಸೆದದ್ದು."

"ನಿಮ್ಮವ್ವ ಯಾವ ಕೈಲೆ ಹೊಸೀತಾಳವಾ?"

ಆಗ ನನಗೆ ಕಂಡಿತು. ಅವ್ವ ಕಟ್ಟೆಯ ಮೇಲೆ ಕೂತು, ಎಡ ತೊಡೆಯ ಮೇಲೆ, ಎಡ ಅಂಗೈಯಿಂದ ನಾರು ಉಜ್ಜುವುದು. ನಮ್ಮ ಮನೆಯ ಹಗ್ಗ ಎಡಮುರಿ. ಉಳಿದ ಊರಿನ ಹಗ್ಗಕ್ಕೆ ವಿರುದ್ಧ. ಬಲಕ್ಕೆ ತಿರುಗುತ್ತ ಹೊರಟ ಅಲೆಯನ್ನು ಬಲಮುರಿ ಆಂಟೆನಾ ಹಿಡಿಯುತ್ತದೆ. ಎಡಮುರಿಯ ಪಾಲಿಗೆ ಅದು ಇಲ್ಲವೇ ಇಲ್ಲ. ತುಂಡು ವೈರಿಗೆ ಎಡವೂ ಒಂದೇ ಬಲವೂ ಒಂದೇ, ಅದಕ್ಕೇ ಕೇಳಿಸಿತು. ಅಳತೆಯಲ್ಲಿ ಒಂದು ಬೆರಳು ಮಾಫಿ ಇದೆ, ಇದಕ್ಕೆ ಮಾಫಿ ಇಲ್ಲ.

ಇದು ನಿನಗೆ ಹನ್ನೊಂದನೆಯ ತಾರೀಕಿಗೇ ಗೊತ್ತಾಗಿತ್ತು. ಒಂದು ಸಾಲು ಬರೆದಿದ್ದರೆ ಒಂದು ವಾರ ಉಳಿಯುತ್ತಿತ್ತು. ನನ್ನನ್ನು ಸೋಲಿಸಲು ನಿನ್ನ ಕೆಲಸವನ್ನೇ ಕಳೆದುಕೊಳ್ಳುತ್ತೀಯಾ? ಇದೆಂಥ ಹಟ ಅಣ್ಣ?

ಈಗ ಯಾರಾದರೂ ಒಬ್ಬರು ಬಿಚ್ಚಿ ತಿರುಗಿ ಸುತ್ತಬೇಕು. ನನಗೆ ಹದಿನೇಳರಿಂದ ಇಂಟರ್ನಲ್ಸ್ ಶುರುವಾಗಿವೆ, ಗಣಿತದ್ದು ಕೆಟ್ಟು ಹೋಗಿದೆ. ನೀನೇ ಬಿಚ್ಚು.

ಮಾಯಾ

*

ಖಾನಾಪುರ
24-3-2001

ಮಾಯಾ,

ಬಿಚ್ಚೂದಿಲ್ಲ.

ಹಗ್ಗದ್ಹಂಗ ಸುತ್ತು ಅಂತ ನೀ ಬರದಿ. ನಾ ಅದನ್ನ ಓದಿ ಏನು ತಿಳಕೊಂಡೆ ಗೊತ್ತೈತೇನು? ಇಕಿಗೆ ಅವ್ವನ ಕೈ ನೆನಪೈತಿ, ತಂದೂ ಹಂಗ ಸುತ್ತ್ಯಾಳ, ಅಂತ. ಬೋಲ್ಟಿನ್ಹಂಗ ಅಂತ ಬರದಿದ್ರ ನಾ ಬೋಲ್ಟಿನ್ಹಂಗ ಸುತ್ತತಿದ್ದೆ. ಅವತ್ತ ಐದೂವರಿಗೆ ತುಂಡು ವೈರಿನ್ಯಾಗ ನಿಮ್ಮ ಸರ್ ಧ್ವನಿ ಬಂದಾಗ ನನಗ ಆಂಟೆನಾದ ತಪ್ಪು ತಿಳೀತು, ಅದರ ಸಂಗಾಟ ಇದೂ ತಿಳೀತು. ಅಕಿ ಎಡಗೈಯಾಕಿ ಅನ್ನೂದು ಅಕಿ ಹಡದ ಮಗಳಿಗೆ ಗೊತ್ತಿಲ್ಲ. ಆ ಸಿಟ್ಟಿಗೆ ಬರಿಲಿಲ್ಲ. ಸೋಲಸಾಕ ಅಲ್ಲ.

ಅಕಿ ಎರಡು ದಿನ ಕುಂತು ಸುತ್ತ್ಯಾಳ. ಬೆರಳು ಕೊಯ್ದುಕೊಂಡಾಳ. "ಮಾಯಾಂದು ಪರೀಕ್ಷಾಕ್ಕ ಬೇಕಾಗೇತಿ" ಅಂತ ಓಣಿ ತುಂಬ ಹೇಳಿ ಬಂದಾಳ. ಈಗ ಅಕಿ ಮುಂದ ಕುಂತು, ನೀ ಸುತ್ತಿದ್ದು ಉಲ್ಟಾ ಆತವ್ವಾ ಅಂತ ನಾ ಬಿಚ್ಚಲೇನು? ನೀ ಹುಡುಕಿದ ಕೆಲಸ ಹೋದ್ರ ಹೋಗಲಿ.

ಫೋಟೋ ತಗಸೇನಿ. ಧೂಳಿನ ಕೆಲಸ ಬಿಡು ಅಂದಾರ. ಬಿಟ್ಟು ಎಲ್ಲಿ ಹೋಗಲಿ ಅಂತ ಅವರು ಬರದುಕೊಟ್ಟಿಲ್ಲ.

ನಾ ಮದಲ ಕೇಳಿದ ಪ್ರಶ್ನಾಕ್ಕ ನೀ ಇನ್ನೂ ಉತ್ತರಾ ಕೊಟ್ಟಿಲ್ಲ.

ಬಾಳೇಶ

*

ಹಾಸ್ಟೆಲ್
31 ಮಾರ್ಚ್

ಅಣ್ಣ,

ನಾನು ಬಿಚ್ಚಿದೆ. ಬಳಸಿದ ತಾಮ್ರ ಎರಡನೆಯ ಸಲಕ್ಕೆ ಮಣಿಯುವುದಿಲ್ಲ, ಮೂರು ಕಡೆ ಮುರಿಯಿತು. ಕಲ್ಲಯ್ಯ ಅವರ ಕಪಾಟಿನಿಂದ ಹೊಸ ನಳಿಗೆ ಬೇಡಿ ತಂದು ಎಡಕ್ಕೆ ಸುತ್ತಿದೆ. ಬುಡದ ಪಟ್ಟಿಯನ್ನೂ ಹೊಸದಾಗಿ ಬೆಸೆದೆ. ಉಪಗ್ರಹಕ್ಕೆ ಬಲಮುರಿಯೇ ಬೇಕಲ್ಲವಾ ಅಂತ ಸರ್ ಕೇಳಿದರು. ಅದಕ್ಕೆ ಆಮೇಲೆ ಇನ್ನೊಂದು ಕಟ್ಟುತ್ತೇನೆ ಅಂದೆ. ತಪ್ಪು ನನ್ನದು, ನಾನು ಅವ್ವನ ಕೈಯನ್ನು ಮರೆತಿದ್ದೆ ಅಂತಲೂ ಹೇಳಿದೆ. ಮರೆತಿದ್ದೆ ಅನ್ನುವುದೂ ಪೂರ್ತಿ ಖರೆಯಲ್ಲ. ನೋಡಿದ್ದೆ, ಯಾವತ್ತೂ ಅದರ ಬಗ್ಗೆ ಯೋಚಿಸಿರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ನಿನ್ನನ್ನು ಏನೆಂದು ಹೇಳುತ್ತೇನೋ ನನಗೆ ಭಯ ಇದೆ. ಅಣ್ಣ ಅಂತ ಹೇಳುತ್ತೇನೆ ಅಂತ ಇಲ್ಲಿ ಬರೆಯುವುದು ಸುಲಭ. ಕ್ಲಾಸಿನ ಅರವತ್ತು ಜನರ ಮುಂದೆ ನಾಲಿಗೆ ಏಳುತ್ತದೋ ಇಲ್ಲವೋ ಗೊತ್ತಿಲ್ಲ. ಸುಳ್ಳು ಬರೆದರೆ ನಿನಗೆ ತಿಳಿಯುತ್ತದೆ, ಅದಕ್ಕೇ ಇದ್ದದ್ದು ಬರೆದೆ. ಬೈಯಬೇಕಾದರೆ ಬೈ.

ಏಪ್ರಿಲ್ 8, ರವಿವಾರ, ನಾಲ್ಕು ಗಂಟೆ. ಸರ್ ಇರುತ್ತಾರೆ. ಕೂಡುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ಮಾಯಾ

*

ಕಾಲೇಜು ಟೆರೇಸ್
8 ಏಪ್ರಿಲ್, ರವಿವಾರ, ಐದು ಗಂಟೆ

ಅಣ್ಣ,

ಇಳಿಸಬೇಡ. ಆಂಟೆನಾ ಇಳಿಸಬೇಡ. ಇದನ್ನು ಬಂಡೆಪ್ಪ ಅವರ ಆರು ಗಂಟೆಯ ಬಸ್ಸಿಗೆ ಕೊಡಲು ಓಡುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಾರಿ.

ಸರ್‌ಗೆ ನಿನ್ನೆ ಸಂಜೆ ದಿಢೀರನೆ ಧಾರವಾಡಕ್ಕೆ ಪೇಪರ್ ನೋಡಲು ಹೋಗಬೇಕಾಯಿತು. ಕ್ಲಬ್ಬಿನಲ್ಲಿ ಮೈಕ್ ಹಿಡಿಯಲು ಲೈಸೆನ್ಸ್ ಇರುವವರು ಅವರೊಬ್ಬರೇ. ಆದರೂ ನಾನು ಕೀಲಿ ಇಸಿದುಕೊಂಡು ಸೆಟ್ಟು ಹಚ್ಚಿ ಕೂತೆ. ಕಲ್ಲಯ್ಯ ಜೊತೆಗಿದ್ದರು. ನಾಲ್ಕು ಹೊಡೆದು ಎರಡು ನಿಮಿಷಕ್ಕೆ ನಿನ್ನ ದನಿ ಬಂತು. ಎಷ್ಟು ಸ್ವಚ್ಛ ಅಂದರೆ, ಪಕ್ಕದ ರೂಮಿನಲ್ಲಿ ಕೂತು ಮಾತಾಡಿದ ಹಾಗೆ. ಸೆಟ್ಟಿನ ಮೀಟರಿನ ಮುಳ್ಳು ಕೊನೆಗೆ ಹೋಗಿ ನಿಂತಿತು. ನೀನು ಕ್ಲಬ್ಬಿನ ಹೆಸರು ಹಿಡಿದು ಇಂಗ್ಲಿಷಿನಲ್ಲಿ ಕರೆದೆ, ಕಾದೆ, ತಿರುಗಿ ಕರೆದೆ. ಹನ್ನೊಂದು ಸಲ, ನಾನು ಎಣಿಸಿದೆ. ನನ್ನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿದರೆ ನಿನಗೆ ಕೇಳಿಸುತ್ತಿತ್ತು. ಲೈಸೆನ್ಸ್ ಇಲ್ಲದವಳು ಮಾತಾಡಿದಳು ಅಂತಾದರೆ ಕ್ಲಬ್ಬಿನದೂ ಹೋಗುತ್ತದೆ, ನಿನ್ನದಕ್ಕೂ ಕಲೆ ಹತ್ತುತ್ತದೆ. ಒತ್ತಲಿಲ್ಲ. ಅಳು ಬಂತು, ಅದು ಬೇರೆ.

ಆಮೇಲೆ ನೀನು ಕನ್ನಡಕ್ಕೆ ಇಳಿದೆ. "ಏ ಮಾಯಾ, ಬರಾಕತ್ತೈತೇನ?" ಅಂದೆ. ಹಿಂದಿನಿಂದ ಅವ್ವನ ದನಿ ಬಂತು:

"ಅಕಿ ಉಂಡಾಳೋ ಇಲ್ಲೋ ಕೇಳು."

"ಅದನ್ನ ಇದರಾಗ ಕೇಳಾಕ ಬರೂದಿಲ್ಲವ್ವಾ, ಕಾಯ್ದೆ ಐತಿ."

"ಉಂಡಿ ಏನು ಅಂದ್ರ ಯಾವ ಕಾಯ್ದೆನೋ?"

ಕಲ್ಲಯ್ಯ ಚಹಾದ ಕಪ್ಪು ಕೆಳಗಿಟ್ಟು ನಕ್ಕರು. ನೀನು ನಗಲಿಲ್ಲ. ಸ್ವಲ್ಪ ಹೊತ್ತು ಬರಿಯ ಕೆಮ್ಮು ಕೇಳಿಸಿತು. ಗುಂಡಿಯಿಂದ ಕೈ ತೆಗೆಯುವುದನ್ನು ಮರೆತಿದ್ದೆಯೋ ಏನೋ. ಆಮೇಲೆ ಮೆಲ್ಲಗೆ, "ಇಲ್ಲವ್ವಾ, ಆಗಲಿಲ್ಲ. ಹುಡುಗಿ ಬಿಚ್ಚಿ ಮತ್ತ ಕಟ್ಟ್ಯಾಳ, ಅಕಿದೇನೂ ತಪ್ಪಿಲ್ಲ. ನನ್ನ ಬೆಸಿಗಿನ ಸುಮಾರ ಇರಬೇಕು. ನಾಳೆ ಇಳಿಸಿ ಹಳೇ ತಾಮ್ರ ತಗೊಳ್ಳೂ ಮೋಡ್ಕಾದವಗ ಹಾಕ್ತೀನಿ" ಅಂದೆ. ಅಷ್ಟಕ್ಕೆ ಸೆಟ್ಟು ಆರಿತು.

ನಿನ್ನ ಬೆಸುಗೆ ಸುಮಾರಿಲ್ಲ. ಎಲ್ಲ ಬಂತು, ಒಂದು ಅಕ್ಷರ ಬಿಡದೆ ಬಂತು. ಕಲ್ಲಯ್ಯ ಕೇಳಿದರು, "ಯಾರವಾ ಇಂವ?" "ನಮ್ಮಣ್ಣ" ಅಂದೆ. ಕೇಳಿದವರು ಅರವತ್ತು ಜನ ಅಲ್ಲ, ಒಬ್ಬರೇ. ಇರುವ ಲೆಕ್ಕ ಇಷ್ಟೇ. ಅವರು ನಾಳೆ ಸರ್‌ಗೆ ತಾವು ಕೇಳಿದ್ದನ್ನು ಹೇಳುತ್ತಾರೆ. ಆದರೆ ಪ್ರಿನ್ಸಿಪಾಲರ ಎದುರಿಗೇ ಮಾತು ಕೂಡಬೇಕು. ಬುಧವಾರ ಹನ್ನೊಂದನೆಯ ತಾರೀಕು ಸಂಜೆ ನಾಲ್ಕಕ್ಕೆ ಸರ್ ಮೈಕ್ ಹಿಡಿಯುತ್ತಾರೆ, ಪ್ರಿನ್ಸಿಪಾಲರನ್ನು ಟೆರೇಸಿಗೆ ಕರೆತರುವ ಜವಾಬ್ದಾರಿ ಕಲ್ಲಯ್ಯ ಅವರದು. ಮರುದಿನವೇ ಹೆಸರು ಕಳಿಸುವ ಕೊನೆಯ ದಿನ.

ಅವ್ವನಿಗೆ ಹೇಳು, ಉಂಡಿದ್ದೇನೆ.

ಬುಧವಾರ ನಾಲ್ಕಕ್ಕೆ ಕೂಡುತ್ತೀಯೋ ಇಲ್ಲವೋ, ನಾಳೆ ಬೆಳಗಿನ ಬಸ್ಸಿಗೇ ಬಂಡೆಪ್ಪ ಅವರ ಕೈಯಲ್ಲಿ ಉತ್ತರ ಕಳಿಸು.

ಮಾಯಾ